ಸೂರಿನ ಕೆಳಗಿನ ಹೊಗೆ

ತಂಬಾಕು ನಿಯಂತ್ರಣ ಕಾನೂನಿಗೆ ನಮ್ಮ ರಾಜ್ಯ ಸರಕಾರವು ತಂದ ತಿದ್ದುಪಡಿಯು ರಾಷ್ಟ್ರಪತಿಗಳ ಅಂಕಿತ ಪಡೆದು, 2025ರ ಮೇ 30ರಂದು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಅದರ ಮರುದಿನವೇ ವಿಶ್ವ ತಂಬಾಕುರಹಿತ ದಿನವಾದ್ದರಿಂದ ಪತ್ರಿಕೆಗಳು ಸುದ್ದಿಯನ್ನು ಎದ್ದುಕಾಣುವಂತೆ ಮುದ್ರಿಸಿದವು. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಮಾಡುವವನಿಗೆ ಅಲ್ಲಿಯವರೆಗೆ ಇದ್ದ 200 ರೂಪಾಯಿಗಳ ದಂಡ 1000 ರೂಪಾಯಿಗೇರಿತು. ತಂಬಾಕು ಕೊಳ್ಳುವವರ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಹೋಯಿತು. ಶಾಲಾ ಕಾಲೇಜುಗಳಿಂದ 100 ಮೀಟರಿನೊಳಗೆ ಮಾರಾಟ ಕೂಡದು, ಪ್ಯಾಕಿನಿಂದ ತೆಗೆದು ಒಂದೊಂದೇ ಸಿಗರೇಟು ಮಾರುವಂತಿಲ್ಲ, ಹುಕ್ಕಾ ಬಾರು ನಡೆಸಿದರೆ ಸೆರೆವಾಸ. ಹುಕ್ಕಾ ಬಾರುಗಳು ನಮ್ಮ ಗೋಣಿಬೀಡಿನ ಕಡೆ ಇಲ್ಲವಾದ್ದರಿಂದ ಆ ಮಾತನ್ನು ಬೆಂಗಳೂರಿನವರಿಗೆ ಬಿಡೋಣ. ನಮ್ಮನ್ನು ಯೋಚನೆಗೆ ಹಚ್ಚಿದ್ದು ಈ ತಿದ್ದುಪಡಿಯಲ್ಲ. ಅದರ ತಾಯಿ ಕಾನೂನಿನಲ್ಲಿರುವ ಎರಡು ಪದಗಳು: ತೆರೆದ ಸ್ಥಳ.

ಆ ಪದಗಳ ಕಡೆಗೆ ನಮ್ಮ ಗಮನ ಸೆಳೆದವರು ಯಾವ ವಕೀಲರೂ ಅಲ್ಲ, ನಮ್ಮ ಧರ್ಮಕೇಂದ್ರದ ಓರ್ವ ವೃದ್ಧೆ. ವರ್ಷಗಳ ಕಾಲ ಕಾಫಿ ತೋಟದ ಲೈನಿನಲ್ಲಿ ಬಾಳಿದವರು, ಉಬ್ಬಸದ ರೋಗಿ. ಕಳೆದ ಮಳೆಗಾಲದಲ್ಲಿ ಅವರು ಭಾನುವಾರದ ಬಲಿಪೂಜೆಗೆ ಮುಂಬಾಗಿಲಿನಿಂದ ಬಾರದೆ, ದೇವಾಲಯವನ್ನು ಸುತ್ತಿಕೊಂಡು ಕೆಸರಿನಲ್ಲಿ ನಡೆದು, ಸಕ್ರಿಸ್ತಿಯ ಬಾಗಿಲಿನಿಂದ ಒಳಗೆ ಬರುತ್ತಿದ್ದುದನ್ನು ನಾವು ಎರಡು ಮೂರು ವಾರ ನೋಡಿದೆವು. ಮೊದಲಿಗೆ ಅದನ್ನು ಮುಪ್ಪಿನ ಒಂದು ಹಟವೆಂದೇ ಭಾವಿಸಿದೆವು. ಕೇಳಿದಾಗ ಅವರು ಸಂಕೋಚದಿಂದ ಹೇಳಿದ್ದು ಇಷ್ಟೇ: "ಮುಂದುಗಡೆ ಗಂಡಸರು ನಿಂತಿರ್ತಾರೆ ಫಾದರ್. ಆ ಹೊಗೆ ದಾಟಿ ಒಳಗೆ ಬಂದ್ರೆ ಅರ್ಧ ಪೂಜೆ ಕೆಮ್ಮೋದರಲ್ಲೇ ಆಗೋಗ್ತದೆ."

ಗಂಡಸರು ನಿಂತಿರುತ್ತಾರೆ ಎಂಬುದು ನಮಗೆ ಹೊಸ ಸಂಗತಿಯಲ್ಲ. ಪ್ರಬೋಧನೆ ಆರಂಭವಾಗುತ್ತಿದ್ದಂತೆ ಹಿಂದಿನ ಸಾಲುಗಳಿಂದ ಮೆಲ್ಲನೆ ಹೊರಗೆ ಜಾರುವವರು ಎಲ್ಲ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಅದನ್ನು ನಾವು ನಮ್ಮ ಪ್ರಬೋಧನೆಯ ಗುಣಮಟ್ಟದ ಅಳತೆಗೋಲೆಂದು ಎಣಿಸಿ ಸುಮ್ಮನಿರುತ್ತಿದ್ದೆವು. ಆ ಅಳತೆಗೋಲಿನ ಹೊಗೆ ಒಬ್ಬ ತಾಯಿಯನ್ನು ಮುಂಬಾಗಿಲಿನಿಂದ ಹೊರಗಟ್ಟಿದೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಕಾನೂನು ಏನು ಹೇಳುತ್ತದೆ? ಈ ದೇಶದಲ್ಲಿ ವಿಷಯವು ನ್ಯಾಯಾಲಯದಲ್ಲಿಯೂ ಗಂಭೀರವಾಗಿ ಚರ್ಚೆಗೆ ಬಂತು. 1999ರ ಜುಲೈ 12ರಂದು ಕೇರಳ ಉಚ್ಚ ನ್ಯಾಯಾಲಯವು, ಸಾರ್ವಜನಿಕ ಸ್ಥಳದ ಧೂಮಪಾನವು ಸೇದದವನ ಬದುಕುವ ಹಕ್ಕಿಗೆ, ಎಂದರೆ ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು ತೀರ್ಪಿತ್ತಿತು. ಮುಂಬಯಿಯ ರಾಜಕಾರಣಿ ಮುರಳಿ ದೇವರಾ ಅವರ ಅರ್ಜಿಯ ಮೇಲೆ 2001ರ ನವೆಂಬರ್ 2ರಂದು ಸರ್ವೋಚ್ಚ ನ್ಯಾಯಾಲಯವು ಆಸ್ಪತ್ರೆ, ಶಾಲೆ, ಗ್ರಂಥಾಲಯ, ಕಚೇರಿ, ನ್ಯಾಯಾಲಯ ಹಾಗೂ ಸಾರ್ವಜನಿಕ ವಾಹನಗಳಲ್ಲಿ ಧೂಮಪಾನವನ್ನು ನಿಷೇಧಿಸಲು ಆದೇಶಿಸಿತು. ಬಸ್ಸಿನ ಕಿಟಕಿಗಳನ್ನು ಮುಚ್ಚಿ ಮಳೆಯಲ್ಲಿ ಘಟ್ಟವನ್ನು ಹತ್ತುತ್ತಿದ್ದಾಗ ಹಿಂದಿನ ಸೀಟಿನಿಂದ ಬೀಡಿಯ ಹೊಗೆ ತುಂಬಿ ಬರುತ್ತಿದ್ದ ಕಾಲವನ್ನು ನಮ್ಮ ವಯಸ್ಸಿನವರೆಲ್ಲ ಬಲ್ಲರು. ಇಂದಿನ ಮಕ್ಕಳಿಗೆ ಅದನ್ನು ಹೇಳಿದರೆ ನಂಬುವುದಿಲ್ಲ. ಕಾನೂನಿನಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ಇದೊಂದೇ ಉದಾಹರಣೆ ಸಾಕೆಂದು ನಮಗೆ ತೋರುತ್ತದೆ.

ಕೇಂದ್ರದ ಕಾನೂನು ಬಂದದ್ದು 2003ರಲ್ಲಿ. ಅದರಲ್ಲಿ ಸಾರ್ವಜನಿಕ ಸ್ಥಳಗಳ ಪಟ್ಟಿಯಿದೆ; ಪಟ್ಟಿಯ ಕೊನೆಗೆ, ತೆರೆದ ಸ್ಥಳ ಇದರಲ್ಲಿ ಸೇರುವುದಿಲ್ಲ ಎಂಬ ಅಪವಾದವೂ ಇದೆ. ಗೋಡೆಯೊಳಗೆ ಅಪರಾಧ, ಗೋಡೆಯ ಹೊರಗೆ ಸ್ವಾತಂತ್ರ್ಯ ಎಂದಂತಾಯಿತು. ಐದು ವರ್ಷಗಳ ಅನಂತರ, 2008ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ ಜಾರಿಗೆ ಬಂದ ನಿಯಮಗಳು ಈ ಅಪವಾದದ ಬಾಗಿಲನ್ನು ಅರ್ಧ ಮುಚ್ಚಿದವು: ಬಯಲು ಸಭಾಂಗಣ, ಕ್ರೀಡಾಂಗಣ, ರೈಲು ನಿಲ್ದಾಣ, ಬಸ್ ನಿಲ್ದಾಣ ಮುಂತಾದ ಜನ ಸೇರುವ ಸ್ಥಳಗಳನ್ನು ತೆರೆದ ಸ್ಥಳವೆಂದು ಕರೆಯುವಂತಿಲ್ಲ ಎಂದವು. ಆದರೆ ಆಸ್ಪತ್ರೆಯ ಮೆಟ್ಟಿಲು, ಪಂಚಾಯತಿ ಕಚೇರಿಯ ಜಗುಲಿ, ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲು, ದೇವಾಲಯದ ಮುಖಮಂಟಪ, ಇವು ಒಳಗೋ ಹೊರಗೋ? "ಮುಂತಾದ" ಎಂಬ ಪದದ ಮೇಲೆ ಎಷ್ಟು ಭಾರ ಹಾಕಬಹುದು? ತರ್ಕಶಾಸ್ತ್ರದ ತರಗತಿಯಲ್ಲಾದರೆ ಇದೊಂದು ಸೊಗಸಾದ ಪ್ರಶ್ನೆ. ಉಬ್ಬಸದ ರೋಗಿಗೆ ಅದು ಸೊಗಸಲ್ಲ.

ಬೇರೆ ದೇಶಗಳು ಈ ಪ್ರಶ್ನೆಯನ್ನು ಅಳತೆಯ ಪಟ್ಟಿ ಹಿಡಿದು ಬಿಡಿಸಿವೆ. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಸರಕಾರಿ ಕಟ್ಟಡಗಳ ಬಾಗಿಲು ಮತ್ತು ತೆರೆಯುವ ಕಿಟಕಿಗಳಿಂದ 20 ಅಡಿಗಳೊಳಗೆ ಧೂಮಪಾನವಿಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2013ರಿಂದ ಸಾರ್ವಜನಿಕ ಕಟ್ಟಡದ ಪ್ರವೇಶದ್ವಾರದಿಂದ 4 ಮೀಟರು. ಇಟಲಿಯ ಮಿಲಾನ್ ನಗರ 2025ರ ಜನವರಿ 1ರಿಂದ ಇನ್ನೂ ಮುಂದೆ ಹೋಗಿ, ಇತರರಿಂದ 10 ಮೀಟರು ದೂರವಿರಲು ಸಾಧ್ಯವಾಗದ ಯಾವ ಬೀದಿಯಲ್ಲಿಯೂ ಸೇದಬಾರದೆಂದಿತು. ನಮ್ಮಲ್ಲಿ ತಿದ್ದುಪಡಿಯ 100 ಮೀಟರಿನ ಮಾತು ಮಾರಾಟಕ್ಕೆ ಮಾತ್ರ ಅನ್ವಯಿಸುತ್ತದೆ. ಕೊಂಡದ್ದನ್ನು ಬಾಗಿಲಿನಿಂದ ಎಷ್ಟು ದೂರದಲ್ಲಿ ಸುಡಬೇಕು ಎಂಬ ಅಳತೆ ಇಲ್ಲ.

ಇನ್ನು, ಹೊರಗಿನ ಹೊಗೆ ಗಾಳಿಯಲ್ಲಿ ಕರಗಿಹೋಗುತ್ತದೆ, ಅದರಿಂದ ಯಾರಿಗೇನು ಎಂಬ ವಾದ. ಈ ವಾದವನ್ನು ನಾವೂ ಬಹುಕಾಲ ಒಪ್ಪಿಕೊಂಡಿದ್ದೆವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಳತೆಗಳು ಇದರಲ್ಲಿ ಅರ್ಧ ಸತ್ಯವಿದೆ ಎನ್ನುತ್ತವೆ. ಸೇದುವವನಿಂದ ಸುಮಾರು ಎರಡು ಮೀಟರು ದೂರ ಸರಿದರೆ ಬಯಲಿನ ಹೊಗೆ ಬೇಗನೆ ತೆಳುವಾಗುತ್ತದೆ. ಆದರೆ ಆ ಎರಡು ಮೀಟರಿನೊಳಗೆ, ವಿಶೇಷವಾಗಿ ಗಾಳಿ ಬೀಸುವ ದಿಕ್ಕಿನಲ್ಲಿ, ಅದು ಕೆಲವೊಮ್ಮೆ ಕೋಣೆಯೊಳಗಿನಷ್ಟೇ ದಟ್ಟವಾಗಿರಬಲ್ಲುದು. ಆದುದರಿಂದ ಕೇಳಬೇಕಾದ ಪ್ರಶ್ನೆ ಒಳಗೋ ಹೊರಗೋ ಎಂಬುದಲ್ಲ. ಎಷ್ಟು ಹತ್ತಿರ ಮತ್ತು ತಪ್ಪಿಸಿಕೊಳ್ಳಲು ಜಾಗವಿದೆಯೇ ಎಂಬುದು.

ಇಲ್ಲಿಯೇ ನಮ್ಮ ಮಲೆನಾಡಿನ ಕತೆ ಬೇರೆಯಾಗುತ್ತದೆ. ದಿಲ್ಲಿಯಲ್ಲಿ ಕುಳಿತು ತೆರೆದ ಸ್ಥಳ ಎಂದು ಬರೆದವರು ವಿಶಾಲವಾದ ಮೈದಾನವನ್ನು ಕಲ್ಪಿಸಿಕೊಂಡಿರಬೇಕು. ಮೂಡಿಗೆರೆ, ಕಳಸ, ಗೋಣಿಬೀಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಥ ಸ್ಥಳವೇ ಇಲ್ಲ. ಮಳೆ ಹಿಡಿಯಿತೆಂದರೆ ಹೊರಗು ಎಂಬುದು ಸೂರಿನ ಕೆಳಗಿನ ಎರಡು ಮಾರು ಜಾಗಕ್ಕೆ ಕುಗ್ಗುತ್ತದೆ. ಕೊಡೆ ಮಡಚುವವರು, ಕಂಬಳಿಕೊಪ್ಪೆ ಕೊಡವುವವರು, ಕಾಲಿಗೆ ಹತ್ತಿದ ಉಂಬಳ ಕೀಳುವವರು, ಮಗುವನ್ನು ಸೊಂಟಕ್ಕೇರಿಸಿ ಚೀಟಿಗಾಗಿ ಕಾಯುವ ತಾಯಂದಿರು, ಎಲ್ಲರೂ ಆ ಎರಡು ಮಾರಿನಲ್ಲಿ ಒತ್ತೊತ್ತಾಗಿ ನಿಲ್ಲುತ್ತಾರೆ. ಬೀಡಿ ಹಚ್ಚುವವನೂ ಅಲ್ಲಿಯೇ ಹಚ್ಚುತ್ತಾನೆ, ಏಕೆಂದರೆ ಕಡ್ಡಿ ಉರಿಯುವುದು ಅಲ್ಲಿ ಮಾತ್ರ. ಮೂರು ಕಡೆ ಮಳೆಯ ಪರದೆ, ಒಂದು ಕಡೆ ಗೋಡೆ, ಮೇಲೆ ಮಾಡು. ಕಾನೂನು ಇದನ್ನು ಏನೆಂದಾದರೂ ಕರೆಯಲಿ, ಶ್ವಾಸಕೋಶಕ್ಕೆ ಅದು ಕೋಣೆಯೇ.

ಈ ಹೊಗೆ ಮಾಡುವ ಹಾನಿಯ ಬಗ್ಗೆ ಇಂದು ವಿವಾದವಿಲ್ಲ. ಜಪಾನಿನ ತಾಕೇಶಿ ಹಿರಾಯಾಮ ಎಂಬ ವೈದ್ಯ ವಿಜ್ಞಾನಿಯು ತಾವು ಸೇದದಿದ್ದ 91,540 ಮಂದಿ ವಿವಾಹಿತ ಸ್ತ್ರೀಯರ ಆರೋಗ್ಯವನ್ನು 14 ವರ್ಷಗಳ ಕಾಲ ಗಮನಿಸಿ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ ಎಂದು 1981ರಲ್ಲಿ ತೋರಿಸಿಕೊಟ್ಟರು. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ಅಮೆರಿಕದ ಸರ್ಜನ್ ಜನರಲ್ ಅವರ ವರದಿ 2006ರಲ್ಲಿ ಸಾರಿತು. ಮಕ್ಕಳಲ್ಲಿ ಉಬ್ಬಸ ಉಲ್ಬಣಿಸುವುದು, ಕಿವಿ ಸೋಂಕು, ಹಿರಿಯರಲ್ಲಿ ಹೃದ್ರೋಗ, ಈ ಪಟ್ಟಿಯನ್ನು ಬೆಳೆಸುತ್ತಾ ಹೋಗುವ ಅಗತ್ಯವಿಲ್ಲ. ಓದುಗರು ಒಂದೇ ಒಂದು ಹೋಲಿಕೆಯನ್ನು ನೆನಪಿಡಬೇಕೆಂದು ಕೋರುತ್ತೇವೆ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಧೂಮಪಾನ ಮಾಡುವವರು ಶೇಕಡಾ 8.8, ಸಾರ್ವಜನಿಕ ಸ್ಥಳಗಳಲ್ಲಿ ಇತರರ ಹೊಗೆಗೆ ಒಡ್ಡಿಕೊಂಡವರು ಶೇಕಡಾ 23.9. ನೂರರಲ್ಲಿ ಒಂಬತ್ತು ಮಂದಿ ಸೇದುತ್ತಾರೆ, ಇಪ್ಪತ್ತನಾಲ್ಕು ಮಂದಿ ಉಸಿರಾಡುತ್ತಾರೆ.

ಆದರೂ ನಿಷೇಧದ ಮಾತು ಬಂದಾಗ ಮನಸ್ಸು ಹಿಂಜರಿಯುವುದುಂಟು, ಮತ್ತು ಆ ಹಿಂಜರಿಕೆಯನ್ನು ನಾವು ಗೌರವಿಸುತ್ತೇವೆ. ರಾಜ್ಯವು ಪ್ರಜೆಯ ಎಲ್ಲ ದುಶ್ಚಟಗಳಿಗೂ ಕೋಲು ಹಿಡಿದು ನಿಲ್ಲಬೇಕೆ? 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಈ ಪ್ರಶ್ನೆಗೆ ಕೊಟ್ಟ ಉತ್ತರ ಪ್ರಸಿದ್ಧ: ಇತರರಿಗೆ ಹಾನಿಯಾಗುವಲ್ಲಿ ಮಾತ್ರ. ಆದರೆ ಅದಕ್ಕೂ ಆರು ಶತಮಾನಗಳ ಹಿಂದೆ ಸಂತ ಥಾಮಸ್ ಅಕ್ವಿನಾಸರು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರೆಂಬುದು ಅಷ್ಟು ಪ್ರಸಿದ್ಧವಲ್ಲ. ಮಾನವ ಕಾನೂನು ರಚಿತವಾಗುವುದು ಸದ್ಗುಣದಲ್ಲಿ ಪರಿಪೂರ್ಣರಲ್ಲದ ಬಹುಜನರಿಗಾಗಿ. ಆದ್ದರಿಂದ ಅದು ಎಲ್ಲ ದುರ್ಗುಣಗಳನ್ನೂ ನಿಷೇಧಿಸಲಾರದು, ನಿಷೇಧಿಸಲೂ ಬಾರದು. ಬಹುಪಾಲು ಜನರಿಗೆ ಬಿಡಲು ಸಾಧ್ಯವಿರುವ ಘೋರ ತಪ್ಪುಗಳನ್ನು, ಅದರಲ್ಲಿಯೂ ಮುಖ್ಯವಾಗಿ ಪರರಿಗೆ ಕೇಡು ತರುವಂಥವನ್ನು ತಡೆದರೆ ಸಾಕು ಎಂಬುದು ಅವರ ನಿಲುವು. ಗುರುಮಠದಲ್ಲಿ ಈ ಭಾಗವನ್ನು ಓದುವಾಗ ಅದು ಕೇವಲ ಸಡಿಲಿಕೆಯ ಮಾತೆಂದು ನಮಗೆ ತೋರಿತ್ತು. ಇಂದು ಅದೇ ಮಾತು ಬಿಗಿಯಾಗಿಯೂ ಕಾಣುತ್ತದೆ. ತನ್ನ ತೋಟದ ಮರದ ಕೆಳಗೆ ಒಬ್ಬನೇ ಕುಳಿತು ಬೀಡಿ ಸೇದುವವನು ವೈದ್ಯನಿಗೂ ತನ್ನ ಅಂತಃಸಾಕ್ಷಿಗೂ ಉತ್ತರಿಸಲಿ. ಸೇದುವುದನ್ನು ಬಿಡುವುದು ಕಷ್ಟ, ಹತ್ತು ಹೆಜ್ಜೆ ಸರಿದು ಸೇದುವುದು ಕಷ್ಟವಲ್ಲ. ಬಾಗಿಲಲ್ಲಿ ನಿಂತು ಸೇದುವವನಿಂದ ಕಾನೂನು ಕೇಳುವುದು ಆ ಹತ್ತು ಹೆಜ್ಜೆಯನ್ನು ಮಾತ್ರ. ಅವನಿಗೆ ನಿಲ್ಲಲು ಬೇರೆ ಜಾಗವುಂಟು. ಆಸ್ಪತ್ರೆಗೆ ಬಂದ ರೋಗಿಗೆ ಬೇರೆ ಬಾಗಿಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೀಕ್ಷ್ಣವಾದುದು. ದಂಡ ಬೀಳುವುದು ಯಾರ ಮೇಲೆ? ಜೀಪಿನ ಗಾಜು ಏರಿಸಿಕೊಂಡು ಸಿಗರೇಟು ಸೇದುವ ತೋಟದ ಯಜಮಾನನ ಮೇಲಲ್ಲ. ಸಂತೆಯ ದಿನ ಬಸ್ಸಿಗೆ ಕಾಯುತ್ತಾ ಬೀಡಿ ಹಚ್ಚಿದ ಕೂಲಿಯವನ ಮೇಲೆ. 1000 ರೂಪಾಯಿ ಅವನಿಗೆ ಎರಡು ದಿನಗಳ ದುಡಿಮೆ. ಚಳಿಯಲ್ಲಿ, ಮಳೆಯಲ್ಲಿ, ಉಂಬಳದ ನಡುವೆ ದುಡಿಯುವವನಿಗೆ ಅದೊಂದೇ ಸುಖವೆಂದು ಹೇಳುವವರಿದ್ದಾರೆ. ನಮ್ಮ ಕುಟುಂಬಗಳಲ್ಲಿ ಅನೇಕವು ತಲೆಮಾರುಗಳ ಹಿಂದೆ ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದವು. ಅಲ್ಲಿಯೇ ಉಳಿದ ಅಕ್ಕತಂಗಿಯರು ದಕ್ಷಿಣ ಕನ್ನಡದ ಮನೆಯಂಗಳಗಳಲ್ಲಿ ಸೂಪಿನ ಮೇಲೆ ಬೀಡಿ ಸುತ್ತಿ ಮಕ್ಕಳನ್ನು ಓದಿಸಿದರು. ಹುಣಸೂರು, ಪಿರಿಯಾಪಟ್ಟಣಗಳ ರೈತರು ಕೇಂದ್ರ ಸರಕಾರದ ತಂಬಾಕು ಮಂಡಳಿಯ ಪರವಾನಗಿ ಪಡೆದೇ ತಂಬಾಕು ಬೆಳೆಯುತ್ತಾರೆ. ಬೆಳೆಯಲು ಪರವಾನಗಿ, ಮಾರಲು ತೆರಿಗೆ, ಸೇದಲು ದಂಡ: ಸರಕಾರದ ಈ ಮೂರು ಮುಖಗಳನ್ನು ಬಡವನು ನೋಡದೆ ಇಲ್ಲ.

ಈ ಆಕ್ಷೇಪದಲ್ಲಿರುವ ನೋವನ್ನು ನಾವು ಒಪ್ಪುತ್ತೇವೆ, ತೀರ್ಮಾನವನ್ನು ಒಪ್ಪಲಾರೆವು. ಏಕೆಂದರೆ ಬಾಗಿಲಿನ ಹೊಗೆಯನ್ನು ಕುಡಿಯುವವಳೂ ಕೂಲಿಯವಳೇ. ಯಜಮಾನನ ಹೆಂಡತಿ ಸರಕಾರಿ ಆಸ್ಪತ್ರೆಯ ಜಗುಲಿಯಲ್ಲಿ ಚೀಟಿಗಾಗಿ ನಿಲ್ಲುವುದಿಲ್ಲ. ಬಡವನ ಬೀಡಿಯ ಪರವಾಗಿ ಮಾತನಾಡುವವರು ಅವನ ಪಕ್ಕದಲ್ಲಿ ನಿಂತ ಬಡವಳ ಉಸಿರಿನ ಪರವಾಗಿಯೂ ಮಾತನಾಡಬೇಕಾಗುತ್ತದೆ. ಬೀಡಿಯ ಹೊಗೆ ಸೌಮ್ಯವೆಂಬ ನಂಬಿಕೆಯೂ ತಪ್ಪು. ನಿಕೋಟಿನ್, ಡಾಂಬರು, ಇಂಗಾಲದ ಮಾನಾಕ್ಸೈಡುಗಳಲ್ಲಿ ಅದು ಸಿಗರೇಟಿಗಿಂತ ಕಡಿಮೆಯದಲ್ಲ. ದಂಡಕ್ಕಿಂತ ಮೊದಲು ಎಚ್ಚರಿಕೆ, ಎಚ್ಚರಿಕೆಗಿಂತ ಮೊದಲು ಸೂಚನಾ ಫಲಕ ಎಂಬ ಕ್ರಮವನ್ನು ಅನುಸರಿಸಿದರೆ ಅನ್ಯಾಯವೂ ಬಹುಮಟ್ಟಿಗೆ ತಪ್ಪುತ್ತದೆ.

ಫಲಕದ ಮಾತು ಸಣ್ಣದಲ್ಲ. ಪ್ರಕಟಿಸದ ಕಾನೂನು ಕಾನೂನೇ ಅಲ್ಲ ಎಂಬುದೂ ಅಕ್ವಿನಾಸರದೇ ಮಾತು. 2008ರ ನಿಯಮಗಳಂತೆ ಪ್ರತಿಯೊಂದು ಸಾರ್ವಜನಿಕ ಸ್ಥಳದ ಪ್ರವೇಶದ್ವಾರದಲ್ಲಿ 60 ಸೆಂಟಿಮೀಟರು ಅಗಲ, 30 ಸೆಂಟಿಮೀಟರು ಎತ್ತರದ ಬಿಳಿ ಫಲಕವಿರಬೇಕು, ಇಲ್ಲಿ ಧೂಮಪಾನ ಅಪರಾಧವೆಂದು ಅದರಲ್ಲಿ ಬರೆದಿರಬೇಕು, ಸ್ಥಳದ ಉಸ್ತುವಾರಿ ಹೊತ್ತವನೇ ಅದಕ್ಕೆ ಹೊಣೆ. ಅಲ್ಲಿ ಬೂದಿಬಟ್ಟಲಾಗಲಿ ಬೆಂಕಿಪೊಟ್ಟಣವಾಗಲಿ ಒದಗಿಸಕೂಡದು. ದಂಡ ವಿಧಿಸುವ ಅಧಿಕಾರ ಪೊಲೀಸರಿಗೆ ಮಾತ್ರವಲ್ಲ, ಶಾಲೆಯ ಮುಖ್ಯೋಪಾಧ್ಯಾಯರಿಗೂ ಅಂಚೆಪಾಲಕರಿಗೂ ಗ್ರಂಥಪಾಲಕರಿಗೂ ಇದೆ. ಇಷ್ಟು ಅಧಿಕಾರ ತಮ್ಮ ಮೇಜಿನ ಮೇಲೆ ಬಿದ್ದಿದೆಯೆಂದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ! ನಮ್ಮನ್ನೇ ಕೇಳಿದರೆ, ದೇವಾಲಯದ ಉಸ್ತುವಾರಿ ಹೊತ್ತವರು ನಾವು, ನಮ್ಮ ಬಾಗಿಲಿನಲ್ಲಿ ಫಲಕವಿರಲಿಲ್ಲ.

ಧರ್ಮಸಭೆಗೆ ಈ ವಿಷಯ ಹೊಸದೂ ಅಲ್ಲ. ಸ್ಪೇನಿನ ಸೆವಿಲ್ಲೆಯಲ್ಲಿ ಗುರುಗಳೂ ಸೇರಿದಂತೆ ಜನರು ದೇವಾಲಯದೊಳಗೇ ತಂಬಾಕು ಬಳಸುತ್ತಾರೆಂಬ ದೂರಿನ ಮೇಲೆ ಜಗದ್ಗುರು ಎಂಟನೆಯ ಅರ್ಬನ್ನರು 1642ರಲ್ಲಿ ಅಲ್ಲಿನ ದೇವಾಲಯಗಳಲ್ಲಿ ಅದನ್ನು ನಿಷೇಧಿಸಿದ್ದರು. ಆಗಿನ ಚಿಂತೆ ಆರೋಗ್ಯದ್ದಲ್ಲ, ಪವಿತ್ರ ಸ್ಥಳದ ಗೌರವದ್ದು. ವ್ಯಾಟಿಕನ್ ರಾಜ್ಯವು 2002ರ ಜುಲೈಯಿಂದ ಕೆಲಸದ ಹಾಗೂ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಲ್ಲಿಸಿತು. ಜಗದ್ಗುರು ಫ್ರಾನ್ಸಿಸರು, ಜನರ ಆರೋಗ್ಯ ಕೆಡಿಸುವ ವಸ್ತುವಿನಿಂದ ತಮ್ಮ ರಾಜ್ಯ ಲಾಭ ಪಡೆಯಬಾರದೆಂದು, ನೌಕರರಿಗೆ ರಿಯಾಯಿತಿ ದರದಲ್ಲಿ ನಡೆಯುತ್ತಿದ್ದ ಸಿಗರೇಟು ಮಾರಾಟವನ್ನು 2018ರಿಂದ ಕೊನೆಗೊಳಿಸಿದರು. ತಂಬಾಕಿನ ಅತಿಬಳಕೆಯನ್ನು 1992ರ ಧರ್ಮೋಪದೇಶ ಗ್ರಂಥವು ಕೊಲೆಯನ್ನು ನಿಷೇಧಿಸುವ ಐದನೆಯ ಕಟ್ಟಳೆಯ ಅಡಿಯಲ್ಲಿ ಚರ್ಚಿಸುತ್ತದೆ. ಅದನ್ನು ಬಾಲಕರಿಗೆ ಬೋಧಿಸುತ್ತಾ ಬಂದ ನಾವು ಮುಖಮಂಟಪದ ಕಡೆಗೆ ತಿರುಗಿ ನೋಡಲಿಲ್ಲವೆಂದರೆ, ತಪ್ಪು ಪ್ರಬೋಧನೆಯ ಹೊತ್ತಿಗೆ ಹೊರಗೆ ಜಾರಿದವರದು ಮಾತ್ರವಲ್ಲ.

ಕಳೆದ ತಿಂಗಳು ಪಾಲನಾ ಪರಿಷತ್ತಿನ ಸಭೆಯಲ್ಲಿ ಈ ವಿಷಯವನ್ನು ಮುಂದಿಟ್ಟೆವು. ಫಲಕ ಹಾಕಲು ಯಾರದೂ ಅಡ್ಡಿಯಿರಲಿಲ್ಲ. ಹಿರಿಯ ಸದಸ್ಯರೊಬ್ಬರು ಮಾತ್ರ ನಗುತ್ತಾ, "ಹಾಗಾದ್ರೆ ನಿಮ್ಮ ಧೂಪಾರತಿಗೂ ಒಂದು ಬೋರ್ಡು ಹಾಕ್ಬೇಕಲ್ಲ ಫಾದರ್" ಎಂದರು. ಅವರ ಮಾತನ್ನು ನಗೆಯಲ್ಲಿ ತೇಲಿಸಿಬಿಡಲು ನಮಗೆ ಮನಸ್ಸಾಗಲಿಲ್ಲ. ಉಬ್ಬಸದವರು ಮುಂದಿನ ಸಾಲಿನಲ್ಲಿ ಕುಳಿತಿರುವ ದಿನ ಧೂಪವನ್ನು ಮಿತವಾಗಿ ಬಳಸುವುದಾಗಿ ಒಪ್ಪಿಕೊಂಡೆವು. ನಿಜವಾದ ವಾದ ಎದ್ದದ್ದು ಬೇರೆ ಕಡೆ. ಆವರಣದ ಕೆಳಗಿನ ಮೂಲೆಯಲ್ಲಿ, ಬಾಗಿಲಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಸೈಕಲ್ಲುಗಳಿಗೆಂದು ಹಾಕಿದ ತಗಡಿನ ಮಾಡೊಂದಿದೆ. ಮಳೆಗಾಲದಲ್ಲಿ ಸೇದದೆ ಇರಲಾರದವರು ಅಲ್ಲಿಗೆ ಹೋಗಲಿ ಎಂದು ನಾವು ಸೂಚಿಸಿದೆವು. ದೇವಾಲಯದ ನೆಲದಲ್ಲಿ ಸೇದುವವರಿಗೆ ಜಾಗ ಕೊಡುವುದೆಂದರೆ ದುರ್ಮಾದರಿಯಲ್ಲವೇ ಎಂದು ಇಬ್ಬರು ಸದಸ್ಯರು ಬಲವಾಗಿ ವಿರೋಧಿಸಿದರು, ಯುವಕರು ಅಲ್ಲಿಯೇ ಕಲಿಯುತ್ತಾರೆ ಎಂದರು. ಇದರಲ್ಲಿ ಹುರುಳಿಲ್ಲವೆಂದು ಹೇಳಲಾರೆವು. ಆದರೆ ಹೊರಗೆ ಧಾರಾಕಾರ ಮಳೆ ಸುರಿಯುತ್ತಿರುವಾಗ ಜಾಗವನ್ನೇ ತೋರಿಸದೆ ಇಲ್ಲಿ ಬೇಡ ಎಂದರೆ, ಅವರು ಮತ್ತೆ ಅದೇ ಸೂರಿಗೆ ಮರಳುತ್ತಾರೆ. ಕೊನೆಗೆ ಈ ಒಂದು ಮಳೆಗಾಲದ ಮಟ್ಟಿಗೆ ತಗಡಿನ ಮಾಡು, 21 ವರ್ಷದೊಳಗಿನವರು ಅಲ್ಲಿ ಕಂಡರೆ ಮನೆಯವರಿಗೆ ತಿಳಿಸುವುದು ಎಂಬಲ್ಲಿಗೆ ಒಪ್ಪಂದವಾಯಿತು. ವಿರೋಧಿಸಿದ ಇಬ್ಬರೂ ತಮ್ಮ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ಬರೆಸಿದ್ದಾರೆ.

ದೇವಾಲಯದ ಬಾಗಿಲು ನಮ್ಮ ಕೈಯಲ್ಲಿದೆ. ಆಸ್ಪತ್ರೆ, ಬಸ್ ತಂಗುದಾಣ, ನ್ಯಾಯಬೆಲೆ ಅಂಗಡಿಗಳ ಬಾಗಿಲು ಊರಿನ ಕೈಯಲ್ಲಿದೆ. ಬಸ್ ತಂಗುದಾಣದ ವಿಷಯದಲ್ಲಿ 2008ರ ನಿಯಮ ಸ್ಪಷ್ಟವಾಗಿಯೇ ಇರುವುದರಿಂದ ಅಲ್ಲಿ ಫಲಕ ಹಾಕಿಸುವಂತೆ ಕೇಳಿದರೆ ಸಾಕು. ಉಳಿದ ಕಟ್ಟಡಗಳ ಜಗುಲಿ ಮತ್ತು ಸೂರಿನ ಕೆಳಗಿನ ಜಾಗ ತೆರೆದ ಸ್ಥಳವಲ್ಲ, ಕಟ್ಟಡದ ಭಾಗವೇ ಎಂದು ಪರಿಗಣಿಸಿ, ಬಾಗಿಲಿನಿಂದ 20 ಅಡಿಗಳವರೆಗೆ ಧೂಮಪಾನ ಬೇಡವೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಬೇಕೆಂದು ಕೋರುವ ಅರ್ಜಿಯೊಂದನ್ನು ಸಿದ್ಧಪಡಿಸಿದ್ದೇವೆ. ನಿರ್ಣಯಕ್ಕೆ ಕಾನೂನಿನ ಬಲ ಎಷ್ಟೆಂದು ವಕೀಲರು ಹೇಳಲಿ, ಊರಿನ ಒಪ್ಪಿಗೆಯ ಬಲವಂತೂ ಇರುತ್ತದೆ. ಇದು ಕಥೋಲಿಕರ ಅರ್ಜಿಯಾಗಬಾರದು. ಆ ಜಗುಲಿಗಳಲ್ಲಿ ಕಾಯುವವರು ಎಲ್ಲ ಮತದವರು. ಆದ್ದರಿಂದ ಪ್ರತಿಯೊಂದು ಕುಟುಂಬವೂ ತನ್ನ ನೆರೆಹೊರೆಯ ಒಂದು ಮನೆಯವರನ್ನಾದರೂ ಕೂಡಿಸಿಕೊಂಡು ಸಹಿ ಹಾಕಬೇಕೆಂದು ವಿನಂತಿ. ಅರ್ಜಿಯ ಪ್ರತಿ ಪರಿಷತ್ತಿನ ಕಾರ್ಯದರ್ಶಿಗಳ ಬಳಿ ಇದೆ. ಭಾನುವಾರ ಬಲಿಪೂಜೆಯ ಅನಂತರ ಮುಖಮಂಟಪದಲ್ಲಿಯೇ ಮೇಜು ಹಾಕಿರುತ್ತೇವೆ.